ಕಳಸ ಮತ್ತು ಕುದುರೆಮುಖ: ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಳಸಕ್ಕೆ ಬರುವವರಲ್ಲಿ ಎರಡು ಬಗೆ. ದೇವಸ್ಥಾನಕ್ಕೆಂದು ಬಂದು ಸಂಜೆಯೊಳಗೆ ಘಟ್ಟ ಇಳಿಯುವವರು ಒಂದು ಬಗೆ, ಕುದುರೆಮುಖ ಹತ್ತಬೇಕೆಂದು ಶುಕ್ರವಾರ ರಾತ್ರಿ ಬಸ್ಸು ಹಿಡಿಯುವವರು ಇನ್ನೊಂದು. ಇಬ್ಬರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ಇಲ್ಲಿ ಯೋಜನೆ ಕೆಡುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಮಳೆ, ಅರಣ್ಯ ಇಲಾಖೆಯ ಟಿಕೆಟ್, ಕೊನೆಯ ಬಸ್ಸು. ಈ ಮೂರನ್ನು ಮೊದಲು ಗಟ್ಟಿ ಮಾಡಿಕೊಂಡರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಕಳಸ ಎಲ್ಲಿದೆ? ಎಷ್ಟು ದೊಡ್ಡ ಊರು?

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಭದ್ರಾ ನದಿಯ ದಡದಲ್ಲಿ, ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು, ಈಗ ಇದೇ ಒಂದು ತಾಲ್ಲೂಕು. ತಾಲ್ಲೂಕು ಕೇಂದ್ರ ಎಂದು ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಒಂದು ಮುಖ್ಯ ಬೀದಿ, ಬಸ್ ನಿಲ್ದಾಣ, ಗುಡ್ಡದ ಮೇಲೆ ಕಳಸೇಶ್ವರನ ದೇವಸ್ಥಾನ, ಸುತ್ತ ಅಡಿಕೆ ತೋಟ, ಕಾಫಿ ತೋಟ, ಅದರಾಚೆ ಕಾಡು. ಅರ್ಧ ಗಂಟೆಯಲ್ಲಿ ಪೇಟೆ ನಡೆದು ಮುಗಿಯುತ್ತದೆ.

ಇಲ್ಲಿಂದ ಹೊರನಾಡು 8 ಕಿ.ಮೀ., ಸಂಸೆಯೂ ಹೆಚ್ಚುಕಡಿಮೆ ಅಷ್ಟೇ ದೂರ, ಕುದುರೆಮುಖ ಪಟ್ಟಣ ಸುಮಾರು 20 ಕಿ.ಮೀ. ಕುದುರೆಮುಖ ಎಂದಾಗ ಯಾವುದರ ಮಾತು ಎಂದು ಕೇಳಿಕೊಳ್ಳಿ. ಅದು ಶಿಖರದ ಹೆಸರೂ ಹೌದು, ಹಳೆಯ ಗಣಿ ಪಟ್ಟಣದ ಹೆಸರೂ ಹೌದು, 1987ರಲ್ಲಿ ಘೋಷಣೆಯಾದ, 600 ಚದರ ಕಿ.ಮೀ. ವಿಸ್ತಾರದ ರಾಷ್ಟ್ರೀಯ ಉದ್ಯಾನದ ಹೆಸರೂ ಹೌದು. ಶಿಖರ ಹತ್ತಲು ಬಂದವರು ಮ್ಯಾಪ್‌ನಲ್ಲಿ ಬರೀ ‘ಕುದುರೆಮುಖ’ ಎಂದು ಹಾಕಿ ಪಟ್ಟಣಕ್ಕೆ ಹೋಗಿ ನಿಲ್ಲುವುದು ಪ್ರತಿ ಸೀಸನ್‌ನಲ್ಲೂ ಆಗುತ್ತದೆ. ಚಾರಣ ಶುರುವಾಗುವುದು ಅಲ್ಲಿಂದ ಅಲ್ಲ, ಸಂಸೆ ಕಡೆಯ ಮುಳ್ಳೋಡಿಯಿಂದ.

ಯಾವ ತಿಂಗಳಲ್ಲಿ ಬರಬೇಕು?

ಅಕ್ಟೋಬರ್ ಮಧ್ಯದಿಂದ ಜನವರಿ ಕೊನೆಯವರೆಗೆ. ಇದು ಬಹುತೇಕರಿಗೆ ಹೊಂದುವ ಕಾಲ. ಬೆಟ್ಟದ ಹುಲ್ಲು ಇನ್ನೂ ಹಸಿರು, ಹಳ್ಳದಲ್ಲಿ ನೀರಿರುತ್ತದೆ, ಕಾಲುದಾರಿ ಒಣಗಿರುತ್ತದೆ, ಇಂಬಳ (ಜಿಗಣೆ) ಕಡಿಮೆ. ಡಿಸೆಂಬರ್–ಜನವರಿಯಲ್ಲಿ ಬೆಳಗಿನ ಚಳಿಗೆ ಸ್ವೆಟರ್ ಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಕುದುರೆಮುಖದ ಸುತ್ತ ವರ್ಷಕ್ಕೆ ಆರೇಳು ಸಾವಿರ ಮಿ.ಮೀ. ಮಳೆ ಬೀಳುತ್ತದೆ, ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಈ ನಾಲ್ಕು ತಿಂಗಳಲ್ಲೇ. ಮಳೆ ನೋಡಲೆಂದೇ ಬರುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಶಿಖರದಿಂದ ‘ವ್ಯೂ’ ಬೇಕು ಎನ್ನುವವರು ಜುಲೈಯಲ್ಲಿ ಬಂದರೆ ಮಂಜು ಮಾತ್ರ ಕಾಣುತ್ತದೆ. ಅದಕ್ಕೆ ಗೈಡನ್ನು ಬೈದು ಪ್ರಯೋಜನವಿಲ್ಲ.

ಫೆಬ್ರವರಿಯಿಂದ ಮೇವರೆಗೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ. ಆಗ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದುಂಟು, ವಿಪರೀತ ಮಳೆಯಲ್ಲೂ ಮುಚ್ಚುವುದುಂಟು. ಬೇಸಿಗೆಯಲ್ಲಿ ಬರುವವರಿಗೆ ಒಂದು ಸಮಾಧಾನ ಇದೆ: ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಒಂದು ವಾರದ ಆಸುಪಾಸಿನಲ್ಲಿ ಕಾಫಿ ತೋಟವೆಲ್ಲ ಬೆಳ್ಳಗೆ ಹೂಬಿಟ್ಟು ಘಮಘಮ ಎನ್ನುತ್ತದೆ. ಎರಡು ಮೂರು ದಿನದಲ್ಲಿ ಹೂ ಬಾಡುತ್ತದೆ. ಮೊದಲೇ ತಾರೀಖು ಹೇಳಲು ಯಾರಿಂದಲೂ ಆಗದು, ಮಳೆ ಬಿದ್ದ ಸುದ್ದಿ ತಿಳಿದ ಮೇಲೆ ಹೊರಡಬೇಕು.

ಬೆಂಗಳೂರಿನಿಂದ ಬರುವುದು ಹೇಗೆ?

ಸುಮಾರು 330 ಕಿ.ಮೀ. ಹೊರನಾಡಿಗೆ ಹೋಗುವ ಕೆಎಸ್‌ಆರ್‌ಟಿಸಿ ರಾತ್ರಿ ಬಸ್ಸುಗಳು ಕಳಸದ ಮೇಲೇ ಹೋಗುತ್ತವೆ. ರಾತ್ರಿ ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ಇಲ್ಲಿರುತ್ತೀರಿ. ಬುಕ್ ಮಾಡುವಾಗ ಕಳಸ ಎಂದು ಹುಡುಕಿ ಬಸ್ಸು ಸಿಗದಿದ್ದರೆ ಹೊರನಾಡು ಎಂದು ಹುಡುಕಿ. ಶುಕ್ರವಾರ ರಾತ್ರಿಯ ಮತ್ತು ಹಬ್ಬದ ಹಿಂದಿನ ದಿನದ ಸೀಟು ಬೇಗ ತುಂಬುತ್ತದೆ. ವಾಪಸಿನ ಟಿಕೆಟ್ಟನ್ನೂ ಅದೇ ಹೊತ್ತಿಗೆ ಮಾಡಿಬಿಡಿ, ಭಾನುವಾರ ರಾತ್ರಿ ಊರೆಲ್ಲ ಒಟ್ಟಿಗೆ ಹೊರಡುತ್ತದೆ.

ಕೊನೆಯ ಒಂದೂವರೆ ಗಂಟೆ ಬರೀ ತಿರುವು. ವಾಂತಿ ಆಗುವವರು ಬಸ್ಸಿನ ಹಿಂದಿನ ಸೀಟು ತೆಗೆದುಕೊಳ್ಳಬೇಡಿ. ಮಾತ್ರೆ ನುಂಗುವುದಿದ್ದರೆ ಬಸ್ಸು ಹತ್ತುವ ಮುಂಚೆ ನುಂಗಿ. ತಿರುವು ಶುರುವಾದ ಮೇಲೆ ನುಂಗಿದರೆ ಅದು ಕೆಲಸ ಮಾಡುವ ಹೊತ್ತಿಗೆ ಊರು ಬಂದಿರುತ್ತದೆ.

ರೈಲಿನಲ್ಲಿ ಬರುವುದಾದರೆ ಹೆಚ್ಚು ರೈಲು ನಿಲ್ಲುವುದು ಕಡೂರಿನಲ್ಲಿ. ಅಲ್ಲಿಂದ ಚಿಕ್ಕಮಗಳೂರಿಗೆ ಬಸ್ಸು, ಚಿಕ್ಕಮಗಳೂರಿನಿಂದ ಆಲ್ದೂರು, ಬಾಳೆಹೊನ್ನೂರು, ಮಾಗುಂಡಿ ದಾರಿಯಾಗಿ ಕಳಸ. ಚಿಕ್ಕಮಗಳೂರಿನಿಂದ ಸುಮಾರು 90 ಕಿ.ಮೀ. ಅಂತರ, ಕಾರಿನಲ್ಲಾದರೂ ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ.

ಮಂಗಳೂರು, ಉಡುಪಿ ಕಡೆಯಿಂದ?

ಕಾರ್ಕಳ, ಬಜಗೋಳಿ, ಮಾಳ, ಎಸ್‌.ಕೆ. ಬಾರ್ಡರ್, ಕುದುರೆಮುಖ, ಸಂಸೆ, ಕಳಸ. ಹಿಂದೆ ಕಳಸ–ಕಾರ್ಕಳದ ಭೈರರಸರು ಘಟ್ಟದ ಮೇಲೂ ಕೆಳಗೂ ಒಟ್ಟಿಗೆ ಆಳಿದ್ದರು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ್ದು ಇದೇ ಮನೆತನ. ಎರಡೂ ಊರಿನ ನಡುವೆ ಓಡಾಟ ಇವತ್ತಿನದಲ್ಲ.

ಈ ದಾರಿ ರಾಷ್ಟ್ರೀಯ ಉದ್ಯಾನದ ಒಳಗೇ ಹಾಯುತ್ತದೆ. ಚೆಕ್‌ಪೋಸ್ಟ್‌ನಲ್ಲಿ ವಾಹನದ ನಂಬರು, ಹೊತ್ತು ಬರೆದು ಚೀಟಿ ಕೊಡುತ್ತಾರೆ. ಇನ್ನೊಂದು ತುದಿಯ ಗೇಟಿನಲ್ಲಿ ಆ ಚೀಟಿ ನೋಡುತ್ತಾರೆ. ನಡುವೆ ಕಾರು ನಿಲ್ಲಿಸಿ ತಿಂಡಿ ಬಿಚ್ಚುವುದು, ಹಾಡು ಹಾಕಿ ಕುಣಿಯುವುದು, ಮಂಗಗಳಿಗೆ ಬಿಸ್ಕತ್ತು ಎಸೆಯುವುದು ಎಲ್ಲ ದಂಡಕ್ಕೆ ದಾರಿ. ಹೊತ್ತು ಮೀರಿದರೆ ಅಲ್ಲೇ ಕೇಳುತ್ತಾರೆ. ಚೀಟಿಯನ್ನು ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಗಾಳಿಗೆ ಹಾರಿಸಿಕೊಂಡವರೂ ಇದ್ದಾರೆ, ಜೇಬಿನಲ್ಲಿಡಿ.

ಸ್ವಂತ ಕಾರಿನಲ್ಲಿ ಬಂದರೆ ಏನು ಗಮನಿಸಬೇಕು?

ಕತ್ತಲಾಗುವ ಮುಂಚೆ ಊರು ಸೇರುವಂತೆ ಹೊರಡಿ. ಕೊಟ್ಟಿಗೆಹಾರದಿಂದ ಕಳಸದವರೆಗಿನ ರಸ್ತೆಯಲ್ಲಿ, ಬಾಳೆಹೊನ್ನೂರು ಕಡೆಯ ರಸ್ತೆಯಲ್ಲಿ ಸಂಜೆ ಆರರ ಮೇಲೆ ಮಂಜು ಇಳಿದರೆ ಎದುರಿನ ವಾಹನ ಹತ್ತು ಮೀಟರ್ ಹತ್ತಿರ ಬರುವ ತನಕ ಕಾಣುವುದಿಲ್ಲ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕೆಲ್ಲ ಮಂಜಿಗೇ ಬಡಿದು ಕಣ್ಣಿಗೆ ಹೊಡೆಯುತ್ತದೆ. ಲೋ ಬೀಮ್, ಫಾಗ್ ಲೈಟ್, ಎರಡನೇ ಗೇರು, ತಿರುವಿನಲ್ಲೆಲ್ಲ ಹಾರ್ನ್. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಬ್ರೇಕ್ ಕಾದು ಹಿಡಿಯದೇ ಹೋಗುತ್ತದೆ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಘಟ್ಟದ ಡ್ರೈವರುಗಳ ಲೆಕ್ಕ.

ಮಳೆಗಾಲದಲ್ಲಿ ಹೊರಡುವ ದಿನ ಬೆಳಿಗ್ಗೆ ಹೋಂಸ್ಟೇಯವರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ. ಚಾರ್ಮಾಡಿ ಘಾಟಿ ತೆರೆದಿದೆಯೇ? 2019ರ ಆಗಸ್ಟ್ ಮಳೆಯಲ್ಲಿ ಅಲ್ಲಿ ಧರೆ ಕುಸಿದು ರಸ್ತೆ ಬಂದ್ ಆಗಿತ್ತು, ಅಲ್ಲಿಂದೀಚೆಗೆ ಜೋರು ಮಳೆಗೆ ರಾತ್ರಿ ಸಂಚಾರ ತಡೆಯುವುದು ಮಾಮೂಲು. ಹೆಬ್ಬಾಳೆ ಸೇತುವೆಯ ಮೇಲೆ ನೀರು ಬಂದಿದೆಯೇ? ಕಳಸ–ಹೊರನಾಡು ನಡುವಿನ ಈ ಸೇತುವೆ ಭದ್ರೆ ಉಕ್ಕಿದಾಗ ಮುಳುಗಿ ಹಲವು ಸಲ ಸುದ್ದಿಯಾಗಿದೆ. ಆಗ ಹಳುವಳ್ಳಿ ಮೇಲೆ ಸುತ್ತಿ ಹೋಗಬೇಕಾಗುತ್ತದೆ. ಮೂರನೆಯದು, ಎಲ್ಲಾದರೂ ಮರ ಬಿದ್ದಿದೆಯೇ. ಸೇತುವೆ ಮೇಲೆ ನೀರು ಒಂದು ಅಡಿ ಇದ್ದರೂ ಕಾರು ಇಳಿಸಬೇಡಿ. ಬಸ್ಸು ಹೋಯಿತಲ್ಲ ಎನ್ನುವುದು ಲೆಕ್ಕಕ್ಕಿಲ್ಲ, ಬಸ್ಸಿನ ತೂಕ ಬೇರೆ.

ಮ್ಯಾಪ್ ತೋರಿಸುವ ‘ಹತ್ತಿರದ ದಾರಿ’ ಅನೇಕ ಸಲ ಯಾರದೋ ಎಸ್ಟೇಟಿನ ಜೀಪು ದಾರಿ. ಹತ್ತು ನಿಮಿಷ ಉಳಿಸುತ್ತೇನೆ ಎಂದರೆ ನಂಬಬೇಡಿ, ಬಸ್ಸು ಹೋಗುವ ದಾರಿಯಲ್ಲೇ ಹೋಗಿ.

ಎಷ್ಟು ದಿನ ಇಟ್ಟುಕೊಳ್ಳಬೇಕು?

ಚಾರಣ ಇದ್ದರೆ ಎರಡು ರಾತ್ರಿ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು, ಅದೇ ಬೆಳಿಗ್ಗೆ ಇಪ್ಪತ್ತು ಕಿ.ಮೀ. ನಡೆದು, ಅದೇ ರಾತ್ರಿ ಮತ್ತೆ ಬಸ್ಸು ಹತ್ತುವ ‘ಪ್ಯಾಕೇಜ್’ ಬಹಳ ಜನ ಮಾರುತ್ತಾರೆ. ಅದರಲ್ಲಿ ಬಂದವರಲ್ಲೇ ಇಳಿಯುವಾಗ ಕಾಲು ಉಳುಕುವುದು ಹೆಚ್ಚು. ನಮ್ಮ ಸಲಹೆ: ಮೊದಲ ದಿನ ಊರು, ನದಿ, ಹೊರನಾಡು. ಎರಡನೇ ದಿನ ಬೆಟ್ಟ. ಮೂರನೇ ದಿನ ಬೆಳಿಗ್ಗೆ ನಿಧಾನವಾಗಿ ಎದ್ದು ಹೊರಡುವುದು. ಒಂದೇ ವಾರಾಂತ್ಯದಲ್ಲಿ ಕುದುರೆಮುಖ, ನೇತ್ರಾವತಿ ಶಿಖರ ಎರಡನ್ನೂ ಮುಗಿಸುವ ಆಸೆ ಬೇಡ.

ಕುದುರೆಮುಖ ಚಾರಣಕ್ಕೆ ಅನುಮತಿ ಹೇಗೆ ಪಡೆಯುವುದು?

ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಆನ್‌ಲೈನ್ ಬುಕ್ಕಿಂಗ್. 2024ರ ಆರಂಭದಲ್ಲಿ ಜನ ಮಿತಿಮೀರಿ ನುಗ್ಗಿದ ಮೇಲೆ ಇಲಾಖೆ ಚಾರಣಗಳನ್ನು ನಿಲ್ಲಿಸಿತು. ಮತ್ತೆ ತೆರೆದಾಗ ದಿನಕ್ಕೆ 300 ಜನರ ಮಿತಿ ಹಾಕಿತು. ಅಂದಿನಿಂದ ‘ಅಲ್ಲೇ ಹೋಗಿ ಟಿಕೆಟ್ ತಗೊಳ್ಳೋಣ’ ಎಂಬ ಮಾತಿಲ್ಲ.

ಕ್ರಮ ಹೀಗಿದೆ. ಮೊದಲು ಜಾಲತಾಣದಲ್ಲಿ ನಿಮ್ಮ ತಾರೀಖಿಗೆ ಜಾಗ ಇದೆಯೇ ನೋಡಿ. ಇದ್ದರೆ ಟಿಕೆಟ್ ಮಾಡಿ. ಆಮೇಲೆ ಹೋಂಸ್ಟೇ. ಕೊನೆಗೆ ಬಸ್ಸು. ಹೆಚ್ಚಿನವರು ಇದನ್ನು ತಿರುಗಾಮುರುಗ ಮಾಡುತ್ತಾರೆ: ಹೋಂಸ್ಟೇಗೆ ಮುಂಗಡ ಕಟ್ಟಿ, ಬಸ್ಸು ಬುಕ್ ಮಾಡಿ, ಕೊನೆಗೆ ಟಿಕೆಟ್ ನೋಡಿದರೆ ಜಾಗವಿಲ್ಲ. ವಾರಾಂತ್ಯದ ಟಿಕೆಟ್ ಮೊದಲು ಖಾಲಿಯಾಗುತ್ತದೆ. ಮಂಗಳವಾರ, ಬುಧವಾರ ಬರಲು ಸಾಧ್ಯವಿದ್ದವರಿಗೆ ಟಿಕೆಟ್ಟೂ ಸುಲಭ, ಬೆಟ್ಟದ ಮೇಲೆ ಸದ್ದೂ ಇಲ್ಲ.

ಬುಕ್ ಮಾಡುವಾಗ ಗುರುತಿನ ಚೀಟಿಯಲ್ಲಿ ಇರುವಂತೆಯೇ ಹೆಸರು ಹಾಕಿ, ಅದೇ ಚೀಟಿಯ ಮೂಲ ಪ್ರತಿ ತನ್ನಿ. ಗೇಟಿನಲ್ಲಿ ಹೆಸರು ತಾಳೆ ನೋಡುತ್ತಾರೆ. ‘ಗೆಳೆಯ ಬರಲಿಲ್ಲ, ಅವನ ಬದಲು ನಾನು’ ಎಂದರೆ ನಡೆಯುವುದಿಲ್ಲ. ಟಿಕೆಟ್ಟಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಗೇಟಿನ ಬಳಿ ನೆಟ್‌ವರ್ಕ್ ಹುಡುಕುತ್ತ ಕೈ ಮೇಲೆತ್ತಿ ನಿಲ್ಲುವ ಪಾಡು ಬೇಡ. ಗೈಡ್ ಇಲ್ಲದೆ ಬಿಡುವುದಿಲ್ಲ. ಗೈಡಿನ ಶುಲ್ಕ ಟಿಕೆಟ್ಟಿನಲ್ಲಿ ಸೇರಿದೆಯೋ ಬೇರೆಯೋ ಎಂದು ಬುಕ್ ಮಾಡುವಾಗಲೇ ಓದಿಕೊಳ್ಳಿ. ದಾರಿ ತೆರೆದಿದೆಯೇ ಎಂಬ ಸಂಶಯವಿದ್ದರೆ ಕಾರ್ಕಳದಲ್ಲಿರುವ ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿಯ ಮಾತೇ ಅಂತಿಮ, ವಾಟ್ಸ್‌ಆ್ಯಪ್ ಗುಂಪಿನದಲ್ಲ.

ಚಾರಣದ ದಿನ ಹೇಗಿರುತ್ತದೆ?

ಬೆಳಿಗ್ಗೆ ಐದಕ್ಕೆ ಎದ್ದರೆ ಸರಿ. ಸಂಸೆ ಕಡೆಯ ಮುಖ್ಯ ರಸ್ತೆಯಿಂದ ಮುಳ್ಳೋಡಿಗೆ ಐದಾರು ಕಿ.ಮೀ. ಕಚ್ಚಾ ದಾರಿ. ಅಲ್ಲಿಗೆ ಕಾರು ಹತ್ತುವುದಿಲ್ಲ, ಜೀಪು ಬೇಕು. ಜೀಪಿನ ಬಾಡಿಗೆ ತಲೆಗಿಷ್ಟು ಅಲ್ಲ, ಇಡೀ ಜೀಪಿಗಿಷ್ಟು. ಹೋಗಿಬರಲು ಸೇರಿಸಿ ಹಿಂದಿನ ದಿನವೇ ಮಾತಾಡಿಕೊಳ್ಳಿ. ಇಬ್ಬರೇ ಬಂದಿದ್ದರೆ ಹೋಂಸ್ಟೇಯವರು ಇನ್ನೊಂದು ಗುಂಪಿನ ಜೊತೆ ಸೇರಿಸಿಕೊಡುತ್ತಾರೆ. ಮುಳ್ಳೋಡಿಯಲ್ಲೇ ಉಳಿದರೆ ಜೀಪಿನ ಗಡಿಬಿಡಿ ಹಿಂದಿನ ಸಂಜೆಗೇ ಮುಗಿಯುತ್ತದೆ.

ಮುಳ್ಳೋಡಿಯಿಂದ ತುದಿಗೆ ಒಂದು ಕಡೆಗೆ 9–10 ಕಿ.ಮೀ. ಮೊದಲ ಭಾಗ ಹಳ್ಳ, ಶೋಲಾ ಕಾಡು (ಬೆಟ್ಟದ ಮಡಿಲಿನ ದಟ್ಟ ಕಾಡು), ಹುಲ್ಲುಗಾವಲು ಒಂದಾದ ಮೇಲೊಂದು ಬರುತ್ತದೆ, ಏರು ಅಷ್ಟಿಲ್ಲ. ‘ಒಂಟಿಮರ’ ದಾಟಿದ ಮೇಲೆ ಏರು ಶುರು. ಹತ್ತಲು ನಾಲ್ಕರಿಂದ ಐದು ಗಂಟೆ, ಇಳಿಯಲು ಮೂರರಿಂದ ನಾಲ್ಕು. ಸಂಜೆ ಕತ್ತಲಾಗುವ ಮುಂಚೆ ಎಲ್ಲರೂ ಕೆಳಗಿರಲೇಬೇಕು. ಹಾಗಾಗಿ ಮಧ್ಯಾಹ್ನ ಹನ್ನೆರಡೂವರೆಗೆ ತುದಿ ಸಿಗದಿದ್ದರೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ. ಇನ್ನು ಅರ್ಧ ಗಂಟೆ ಅಷ್ಟೇ ಎಂದು ಗೈಡನ್ನು ಒತ್ತಾಯಿಸಬೇಡಿ, ಆ ಅರ್ಧ ಗಂಟೆ ಇಳಿಯುವಾಗ ಒಂದು ಗಂಟೆಯಾಗುತ್ತದೆ. ಶಿಖರದ ಎತ್ತರ ಸುಮಾರು 1,890 ಮೀಟರ್. ಪಡುವಣ ಅಂಚು ಕಡಿದಾದ ಪ್ರಪಾತ. ಮಂಜಿದ್ದಾಗ ಅಂಚಿನಿಂದ ಹತ್ತು ಹೆಜ್ಜೆ ದೂರವೇ ಇರಿ, ಅಲ್ಲಿ ಗಾಳಿಯೂ ಜೋರು.

ಪ್ರತಿಯೊಬ್ಬರಿಗೂ ಎರಡೂವರೆ ಲೀಟರ್ ನೀರು, ಎರಡು ಪೊಟ್ಟಣ ಓಆರ್‌ಎಸ್, ಮಧ್ಯಾಹ್ನದ ಬುತ್ತಿ, ಕಡಲೆ ಮಿಠಾಯಿ ಅಥವಾ ಖರ್ಜೂರ, ಟಾರ್ಚು, ಒಂದು ಜೊತೆ ಒಣ ಕಾಲುಚೀಲ, ಬಟ್ಟೆ ಒದ್ದೆಯಾಗದಂತೆ ದಪ್ಪ ಕವರು. ಬುತ್ತಿಯನ್ನು ಸ್ಟೀಲ್ ಡಬ್ಬಿಯಲ್ಲಿ ಕಟ್ಟಿಸಿ. ಚಿತ್ರಾನ್ನ, ಪುಳಿಯೋಗರೆ ಕೆಡುವುದಿಲ್ಲ. ಮೊಸರನ್ನ ಹನ್ನೆರಡರ ಹೊತ್ತಿಗೆ ಹುಳಿ ಬಂದಿರುತ್ತದೆ.

ಶೂ ಬಗ್ಗೆ ಯಾಕೆ ಎಲ್ಲರೂ ಅಷ್ಟು ಹೇಳುತ್ತಾರೆ?

ದಾರಿಯಲ್ಲಿ ಕೆಡುವ ವಸ್ತುಗಳಲ್ಲಿ ಮೊದಲನೆಯದು ಅದೇ. ಎರಡು ಮೂರು ವರ್ಷ ಬೀರುವಿನಲ್ಲಿ ಇಟ್ಟ ಶೂ ಹೊರಗಿನಿಂದ ಹೊಸದರಂತೆ ಕಾಣುತ್ತದೆ. ಆದರೆ ಅಡಿಯ ಅಂಟು ಒಣಗಿರುತ್ತದೆ, ಮೆತ್ತನೆಯ ನೊರೆಪದರ ಪುಡಿಯಾಗಿರುತ್ತದೆ. ಮೂರನೇ ಹಳ್ಳ ದಾಟುವಷ್ಟರಲ್ಲಿ ಅಟ್ಟೆ ಬಾಯಿ ಬಿಡುತ್ತದೆ. ಬರುವ ವಾರ ಮುಂಚೆ ಅದೇ ಶೂ ಹಾಕಿ ಐದಾರು ಕಿ.ಮೀ. ನಡೆದು ನೋಡಿ. ಹೆಬ್ಬೆರಳಿನಿಂದ ಅಟ್ಟೆಯ ಅಂಚನ್ನು ಒತ್ತಿ, ಬಿರುಕು ಕಂಡರೆ ಬೇರೆ ಶೂ. ಚೀಲದಲ್ಲಿ ಒಂದು ಮೀಟರ್ ನೈಲಾನ್ ದಾರ ಇದ್ದರೆ ಕಿತ್ತ ಅಟ್ಟೆಯನ್ನು ಶೂಗೆ ಸುತ್ತಿ ಬಿಗಿದು ಕೆಳಗಿನವರೆಗೆ ಬರಬಹುದು.

ನುಣ್ಣನೆ ತಳದ ಓಟದ ಶೂ ಒದ್ದೆ ಕಲ್ಲಿನ ಮೇಲೆ ನಿಲ್ಲುವುದಿಲ್ಲ. ಒದ್ದೆ ಇಳಿಜಾರಿನಲ್ಲಿ ಬರೀ ಜೇಡಿ ಕಾಣುವ ಕಡೆ ಕಾಲಿಡದೆ, ಪಕ್ಕದ ಹುಲ್ಲಿನ ಬುಡದ ಮೇಲೆ ಹೆಜ್ಜೆಯಿಟ್ಟರೆ ಹಿಡಿತ ಸಿಗುತ್ತದೆ. ಹಳ್ಳದ ಕಲ್ಲುಗಳಲ್ಲಿ ಕಪ್ಪಗೆ ಮಿನುಗುವುದು ಪಾಚಿ ಕಟ್ಟಿದ ಕಲ್ಲು, ಬೂದು ಬಣ್ಣದ ಒರಟು ಕಲ್ಲು ನೋಡಿ ತುಳಿಯಿರಿ. ಒಂದು ಕೋಲು ಹಿಡಿದರೆ ಮಂಡಿಗೆ ಭಾರ ಕಡಿಮೆ, ಅದರಲ್ಲೂ ಇಳಿಯುವಾಗ.

ಮೇಲೆ ಟೆಂಟ್ ಹಾಕಬಹುದೇ?

ಇಲ್ಲ. ರಾಷ್ಟ್ರೀಯ ಉದ್ಯಾನದ ಒಳಗೆ ಟೆಂಟು, ಕ್ಯಾಂಪ್‌ಫೈರ್ ಎರಡೂ ನಿಷಿದ್ಧ. ‘ನಾವು ಮಾಡಿಕೊಡುತ್ತೇವೆ’ ಎನ್ನುವವರ ಜೊತೆ ಹೋದರೆ ಕೇಸು ಬೀಳುವುದು ನಿಮ್ಮ ಮೇಲೆ. ಕಾಡಿನಲ್ಲಿ ಉಳಿಯಲೇಬೇಕು ಎನ್ನುವವರಿಗೆ ಕುದುರೆಮುಖ ರಸ್ತೆಯಲ್ಲಿ ಭಗವತಿ ಪ್ರಕೃತಿ ಶಿಬಿರವಿದೆ.

ಇಂಬಳ ಹತ್ತಿದರೆ ಏನು ಮಾಡುವುದು?

ಮಳೆಗಾಲದಲ್ಲಿ ಬಂದರೆ ಹತ್ತೇ ಹತ್ತುತ್ತದೆ, ಅದಕ್ಕೆ ಹೆದರಿ ಕುಣಿಯುವುದೇ ದೊಡ್ಡ ಅಪಾಯ. ಇಂಬಳ ಯಾವ ರೋಗವನ್ನೂ ತರುವುದು ಇಲ್ಲಿ ಕಂಡಿಲ್ಲ. ಕಚ್ಚಿದ್ದು ಗೊತ್ತೂ ಆಗುವುದಿಲ್ಲ, ರಕ್ತ ಕಂಡಾಗಲೇ ತಿಳಿಯುವುದು. ರಕ್ತ ಹೆಪ್ಪುಗಟ್ಟದ ಹಾಗೆ ಅದರ ಜೊಲ್ಲು ಮಾಡುವುದರಿಂದ ಇಂಬಳ ಬಿದ್ದ ಮೇಲೂ ಅರ್ಧ ಗಂಟೆ, ಒಂದು ಗಂಟೆ ಒಸರುತ್ತಲೇ ಇರುತ್ತದೆ. ಗಾಬರಿ ಬೇಡ.

ಅಂಗೈಯಗಲದ ಹತ್ತಿಬಟ್ಟೆಯಲ್ಲಿ ಒಂದು ಹಿಡಿ ಕಲ್ಲುಪ್ಪು, ಸ್ವಲ್ಪ ಹೊಗೆಸೊಪ್ಪಿನ ಪುಡಿ ಹಾಕಿ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿಯಿರಿ. ನೀರಿನಲ್ಲಿ ಅದ್ದಿ ಇಂಬಳಕ್ಕೆ ಮುಟ್ಟಿಸಿದರೆ ಸಾಕು, ಸುರುಟಿ ಬೀಳುತ್ತದೆ. ಹೊರಡುವ ಮುಂಚೆ ಶೂ ಮೇಲೂ ಕಾಲುಚೀಲದ ಮೇಲೂ ಒರೆಸಿಕೊಂಡರೆ ಹತ್ತುವುದೇ ಕಡಿಮೆ. ಕಾಲಿಗೆ ಬರೀ ಎಣ್ಣೆ ಹಚ್ಚಿದರೆ ಮೊದಲ ಹಳ್ಳದಲ್ಲೇ ತೊಳೆದುಹೋಗುತ್ತದೆ. ಪ್ಯಾಂಟನ್ನು ಕಾಲುಚೀಲದ ಒಳಗೆ ಸಿಕ್ಕಿಸಿ. ಮಂಡಿಯವರೆಗಿನ ದಟ್ಟ ನೇಯ್ಗೆಯ ಇಂಬಳದ ಚೀಲ ಸಿಕ್ಕರೆ ಇನ್ನೂ ಒಳ್ಳೆಯದು.

ಕಚ್ಚಿಕೊಂಡಿದ್ದನ್ನು ಎಳೆದು ಕೀಳಬೇಡಿ, ಗಾಯ ದೊಡ್ಡದಾಗಿ ತಿಂಗಳುಗಟ್ಟಲೆ ತುರಿಸುತ್ತದೆ. ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಜಾರಿಸಿದರೆ ಹಿಡಿತ ಬಿಡುತ್ತದೆ. ಸೋಪು ನೀರಿನಲ್ಲಿ ತೊಳೆದು, ಕಾಗದದ ಚೂರು ಅಥವಾ ಹತ್ತಿ ಒತ್ತಿ ಪಟ್ಟಿ ಹಾಕಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಳೆಗಾಲದ ಚಾರಣಕ್ಕೆ ಮುಂಚೆ ತಮ್ಮ ಡಾಕ್ಟರನ್ನು ಕೇಳುವುದು ಒಳಿತು.

ಮಂಗನ ಕಾಯಿಲೆಗೆ ಹೆದರಬೇಕೇ?

ಹೆದರುವುದಕ್ಕಿಂತ ತಿಳಿದಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಮಲೆನಾಡಿನ ಹಲವು ತಾಲ್ಲೂಕುಗಳಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ. ಹರಡುವುದು ಉಣುಗಿನಿಂದ. ಅಂದರೆ ಇಂಬಳ ಕಡಿಮೆಯಾಗುವ ಒಣ ಕಾಲದಲ್ಲಿ ಉಣುಗಿನ ಕಾಟ ಶುರು. ಎಳ್ಳುಕಾಳಿಗಿಂತ ಸಣ್ಣದಿರುತ್ತದೆ, ಕಣ್ಣಿಗೆ ಬೀಳುವುದೇ ಕಷ್ಟ.

ಕಾಡಿನ ಒಳಗೆ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ತುಂಬು ತೋಳಿನ ಅಂಗಿ. ಉಣುಗು ಹತ್ತದಂತೆ ತಡೆಯುವ ಡೀಪಾ ಎಣ್ಣೆಯನ್ನು ಮಲೆನಾಡಿನ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ ಹಾಕುವುದು. ಕಂಕುಳು, ತೊಡೆಸಂದಿ, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿದ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಮೇಲೆತ್ತಿ. ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡಿಗೆ ಹೇಳಿ. ಊರಿಗೆ ಮರಳಿದ ಒಂದೆರಡು ವಾರದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಎಂದು ಡಾಕ್ಟರಿಗೆ ನೀವಾಗಿಯೇ ಹೇಳಬೇಕು. ದೂರದ ಊರಿನ ಡಾಕ್ಟರಿಗೆ ಇದು ತಾನಾಗಿ ಹೊಳೆಯದಿರಬಹುದು.

ಕಾಡುಪ್ರಾಣಿ ಎದುರಾದರೆ?

ದಾರಿಯಲ್ಲಿ ಕಾಣುವ ಸಾಧ್ಯತೆ ಇರುವುದು ಕಾಟಿ (ಕಾಡುಕೋಣ), ಕಡವೆ. ಅದೃಷ್ಟವಿದ್ದರೆ ಶೋಲಾ ಕಾಡಿನ ಮೇಲ್ಛಾವಣಿಯಲ್ಲಿ ಸಿಂಗಳೀಕ. ಕಾಟಿ ದೂರದಲ್ಲಿ ತಲೆಯೆತ್ತಿ ನೋಡಿದರೆ ನಿಂತುಬಿಡಿ, ಅದು ಹೋಗುವ ತನಕ ಕಾಯಿರಿ. ಫೋಟೋಗೆಂದು ಅದರ ಮತ್ತು ಕಾಡಿನ ನಡುವೆ ಹೋಗಿ ನಿಂತವರ ಕಡೆಗೇ ಅದು ನುಗ್ಗುವುದು.

ಚಾರಣ ನಮ್ಮಿಂದಾಗದು. ಮನೆಯ ಹಿರಿಯರೂ ಇದ್ದಾರೆ. ಏನು ನೋಡಬಹುದು?

ಕಳಸೇಶ್ವರನ ದೇವಸ್ಥಾನಕ್ಕೆ ಬೆಳಿಗ್ಗೆ ಹೋಗಿ. ಮೆಟ್ಟಿಲು ಹತ್ತಬೇಕು, ಮಂಡಿನೋವಿನವರು ನಿಧಾನ. ಭದ್ರೆಯ ದಡದ ಪಂಚತೀರ್ಥಗಳಲ್ಲಿ ಅಂಬಾತೀರ್ಥ ನೋಡಲೇಬೇಕಾದ ಜಾಗ. ನದಿ ಅಲ್ಲಿ ಬಂಡೆಗಳನ್ನು ಕೊರೆದು ಇಕ್ಕಟ್ಟಾಗಿ ಹರಿಯುತ್ತದೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಹೇಳುವ ದೊಡ್ಡ ಚೌಕ ಬಂಡೆ, ಅದರ ಮೇಲಿನ ಶಾಸನ ಇಂದಿಗೂ ಇದೆ. ನೋಡಿ, ನೀರಿಗೆ ಮಾತ್ರ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಬಂಡೆಯ ಅಡಿಯಲ್ಲಿ ಗುಂಡಿ, ಸುಳಿ ಇವೆ. ಈಜು ಬರುತ್ತದೆ ಎನ್ನುವವರಿಗೇ ಈ ಮಾತು ಹೆಚ್ಚು.

ಕುದುರೆಮುಖ ರಸ್ತೆಯಲ್ಲಿ ಹನುಮನಗುಂಡಿ ಜಲಪಾತವಿದೆ, ಸೂತನಬ್ಬಿ ಎಂದೂ ಕರೆಯುತ್ತಾರೆ. ಟಿಕೆಟ್ ಇದೆ, ಇನ್ನೂರಕ್ಕೂ ಮೀರಿ ಮೆಟ್ಟಿಲಿವೆ. ಇಳಿಯುವುದು ಸುಲಭ, ಹತ್ತುವುದು ಹಿರಿಯರಿಗೆ ಸಾಕುಬೇಕಾಗುತ್ತದೆ. ಸಂಸೆಯ ಚಹಾ ತೋಟ ರಸ್ತೆಯಿಂದಲೇ ಕಾಣುತ್ತದೆ. ಹೊರನಾಡಿನ ಕಡೆ ಕ್ಯಾತನಮಕ್ಕಿ ಗುಡ್ಡಕ್ಕೆ ಜೀಪಿನಲ್ಲಿ ಹೋಗಬಹುದು, ಬೆನ್ನುನೋವಿನವರು, ಗರ್ಭಿಣಿಯರು ಹತ್ತಬೇಡಿ, ಆ ದಾರಿ ಮೈಯನ್ನು ಒನಕೆಯಲ್ಲಿ ಕುಟ್ಟಿದ ಹಾಗೆ ಮಾಡುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ದಟ್ಟ ಕಾಡಿನೊಳಗಿದೆ. ಅಲ್ಲಿಗೆ ಪ್ರವಾಸಿಗರನ್ನು ಬಿಡುವುದಿಲ್ಲ.

ಹೊರನಾಡಿನಲ್ಲಿ ಏನು ನಿಯಮ?

ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಗಂಡಸರು ಅಂಗಿ, ಬನಿಯನ್ ತೆಗೆದು ಶಲ್ಯ ಹೊದೆಯಬೇಕು. ಒಂದು ಶಲ್ಯ ಮನೆಯಿಂದಲೇ ತನ್ನಿ. ಬರ್ಮುಡಾ ಬೇಡ. ಊಟ ಎಲ್ಲರಿಗೂ ಉಂಟು, ದುಡ್ಡು ಕೇಳುವುದಿಲ್ಲ, ಉಣ್ಣದೆ ಹೊರಟರೆ ಊರಿನವರೇ ಬೈಯುತ್ತಾರೆ. ಎಲೆಗೆ ಬಡಿಸಿಕೊಂಡದ್ದನ್ನು ಬಿಡಬೇಡಿ. ಅಕ್ಷಯ ತೃತೀಯ, ನವರಾತ್ರಿ, ಸಾಲು ರಜೆಗಳಲ್ಲಿ ಸರತಿ ಗಂಟೆಗಟ್ಟಲೆ.

ಹೋಂಸ್ಟೇ ಹೇಗೆ ಆರಿಸುವುದು?

ಇಲ್ಲಿ ದರ ಸಾಮಾನ್ಯವಾಗಿ ರೂಮಿಗಲ್ಲ, ತಲೆಗಿಷ್ಟು, ಊಟ ಸೇರಿ. ಬುಕ್ ಮಾಡುವಾಗ ಕೇಳಬೇಕಾದ್ದು: ಎಷ್ಟು ಹೊತ್ತಿನ ಊಟ ಸೇರಿದೆ, ಚಾರಣದ ಬುತ್ತಿ ಕೊಡುತ್ತೀರಾ, ಮುಖ್ಯ ರಸ್ತೆಯಿಂದ ಮನೆಯವರೆಗೆ ಕಾರು ಬರುತ್ತದೆಯೇ, ಕರೆಂಟು ಹೋದರೆ ಬಿಸಿನೀರಿಗೆ ಏನು, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟು ಇಲ್ಲದಿರುವುದು ಹೊಸತಲ್ಲ. ಒಲೆ ಉರಿಸಿ ಹಂಡೆಯಲ್ಲಿ ನೀರು ಕಾಯಿಸುವ ಮನೆ ಸಿಕ್ಕರೆ ಬಿಡಬೇಡಿ. ಬಟ್ಟೆ ಒಣಗುವುದೂ ಆ ಒಲೆಯ ಮೇಲಿನ ಅಟ್ಟದಲ್ಲೇ.

ಇವು ಜನ ಬಾಳುವ ಮನೆಗಳು. ರಾತ್ರಿ ಹತ್ತರ ಮೇಲೆ ಸ್ಪೀಕರ್ ಬೇಡ. ತೋಟದಲ್ಲಿ ಕಾಫಿ ಹಣ್ಣು, ಮೆಣಸಿನ ಗೊನೆ ಕೀಳಬೇಡಿ, ಅದು ಅವರ ವರ್ಷದ ಕೂಳು. ನವೆಂಬರ್‌ನಿಂದ ಫೆಬ್ರವರಿವರೆಗೆ ಅಡಿಕೆ, ಕಾಫಿ ಕೊಯ್ಲು. ಅಂಗಳದಲ್ಲಿ ಹರವಿದ ಬೆಳೆಯ ಮೇಲೆ ಕಾರು ಹತ್ತಿಸದಂತೆ ನೋಡಿಕೊಳ್ಳಿ.

ಊಟ ಏನು ಸಿಗುತ್ತದೆ?

ಹೋಂಸ್ಟೇಯಲ್ಲಿ ಅಕ್ಕಿ ರೊಟ್ಟಿ, ಕಡುಬು, ಕೋಳಿ ಸಾರು. ಮಳೆಗಾಲದಲ್ಲಿ ಕಳಲೆ (ಎಳೆ ಬಿದಿರು) ಪಲ್ಯ, ಕೆಸುವಿನೆಲೆ ಪತ್ರೊಡೆ, ಅಣಬೆ. ಇವು ಬೇಕಿದ್ದರೆ ಹಿಂದಿನ ದಿನ ಹೇಳಬೇಕು. ಕಳಲೆಯನ್ನು ನೀರಿನಲ್ಲಿ ನೆನೆಸಿ, ನೀರು ಬದಲಿಸಿಯೇ ಬೇಯಿಸುವುದು, ತಕ್ಷಣ ಆಗುವ ಅಡುಗೆಯಲ್ಲ. ಕಾಡಿನಲ್ಲಿ ಕಂಡ ಅಣಬೆಯನ್ನು ನೀವೇ ಕಿತ್ತು ತಂದು ಕೊಡಬೇಡಿ.

ಫೋನು, ದುಡ್ಡು, ಪೆಟ್ರೋಲು, ಆಸ್ಪತ್ರೆ?

ಪೇಟೆಯಲ್ಲಿ ಫೋನು ಸಿಗುತ್ತದೆ, ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ನೆಚ್ಚಬಹುದು, ಮುಳ್ಳೋಡಿಯ ಮೇಲೆ ಯಾವುದನ್ನೂ ನೆಚ್ಚಬೇಡಿ. ಎಟಿಎಂ ಕಳಸದಲ್ಲಿದೆ. ಆದರೂ ಜೀಪು, ಗೈಡಿಗೆ ನಗದು ಇಟ್ಟುಕೊಳ್ಳಿ, ಸಿಗ್ನಲ್ ಇಲ್ಲದೆ ಕ್ಯೂಆರ್ ಕೋಡ್ ಬರೀ ಚಿತ್ರ. ಪೆಟ್ರೋಲನ್ನು ಕಳಸದಲ್ಲೇ ತುಂಬಿಸಿ ಘಟ್ಟಕ್ಕೆ ಇಳಿಯಿರಿ. ಸರ್ಕಾರಿ ಆಸ್ಪತ್ರೆ ಪೇಟೆಯಲ್ಲಿದೆ. ಮೂಳೆ ಮುರಿತ, ಹೃದಯದ ತೊಂದರೆಯಂಥದ್ದಕ್ಕೆ ಚಿಕ್ಕಮಗಳೂರು, ಮಣಿಪಾಲ ಅಥವಾ ಮಂಗಳೂರೇ ಗತಿ, ಎರಡೂವರೆ ಗಂಟೆಗೆ ಕಡಿಮೆಯಿಲ್ಲ. ದಿನದ ಮಾತ್ರೆ ತೆಗೆದುಕೊಳ್ಳುವವರು ಎರಡು ದಿನದ್ದು ಹೆಚ್ಚಿಗೆ ತನ್ನಿ.

ಕುದುರೆಮುಖದ ಗಣಿ ನೋಡಬಹುದೇ?

ಪಟ್ಟಣದ ಮೂಲಕ ಹಾದುಹೋಗಬಹುದು, ಗಣಿಯ ಜಾಗಕ್ಕೆ ಬಿಡುವುದಿಲ್ಲ. 1976ರಲ್ಲಿ ಶುರುವಾದ ಕೇಂದ್ರ ಸರ್ಕಾರಿ ಕಂಪನಿ ಇಲ್ಲಿಂದ ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿತ್ತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಸಾವಿರಾರು ಜನರಿದ್ದ ಪಟ್ಟಣದ ಬಹುಪಾಲು ಮನೆಗಳು ಈಗ ಖಾಲಿ. ಅದಿರಿನ ಹೂಳು ನಿಂತಿರುವ ಲಕ್ಯಾ ಅಣೆಕಟ್ಟಿಗೂ ಪ್ರವೇಶವಿಲ್ಲ.

ಗೇಟಿನಲ್ಲಿ ಚೀಲ ಬಿಚ್ಚಿಸುತ್ತಾರಂತೆ, ನಿಜವೇ?

ನಿಜ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್, ಮದ್ಯ, ಸಿಗರೇಟು, ಬೆಂಕಿಪೊಟ್ಟಣ ತೆಗೆಸುತ್ತಾರೆ. ಡ್ರೋನ್ ಹಾರಿಸುವಂತಿಲ್ಲ. ಬಿಸ್ಕತ್ತು, ಚಿಪ್ಸನ್ನು ಮನೆಯಲ್ಲೇ ಡಬ್ಬಿಗೆ ಸುರಿದು ತಂದರೆ ಕವರಿನ ತಕರಾರೇ ಇಲ್ಲ. ನೀರಿನ ಬಾಟಲಿ ಎಣಿಸಿ ಬರೆದುಕೊಂಡರೆ ಇಳಿಯುವಾಗ ಅಷ್ಟನ್ನೂ ತೋರಿಸಬೇಕು. ಖಾಲಿಯಾದ ಬಾಟಲಿ ಚೀಲದ ಹೊರಜೇಬಿನಲ್ಲಿಟ್ಟರೆ ಏರಿನಲ್ಲಿ ಜಾರಿ ಬಿದ್ದದ್ದು ತಿಳಿಯುವುದಿಲ್ಲ, ಒಳಗೆ ಹಾಕಿಕೊಳ್ಳಿ.